ಏಳನೇ ಸಾಲಿಗೆ ಸಗಣಿ ನೀರು

ಈ ವಯಸ್ಸಿನಲ್ಲಿ ಕಳ್ಳತನ ಕಲಿತೆ. ಕದ್ದದ್ದೇನು ಗೊತ್ತೇ? ಹೆಂಡತಿಯ ಕಣ್ಣು ತಪ್ಪಿಸಿ, ನಮ್ಮದೇ ಕೊಟ್ಟಿಗೆಯ ಸಗಣಿ ನೀರು!

ಕಾರಣ ನನ್ನ ಮೊಮ್ಮಗಳು ಚೈತ್ರ. ಅಗ್ರಿಕಲ್ಚರ್ ಎಂ.ಎಸ್ಸಿ. ಓದುತ್ತಿದ್ದಾಳೆ. (ನಾನು ನಾಲ್ಕನೇ ಕ್ಲಾಸು, ಅದೂ ಪೂರ್ತಿಯಲ್ಲ. ಅವಳ ಸುದ್ದಿಯನ್ನು ಇಡೀ ದೊಡ್ಡಬಳ್ಳಾಪುರಕ್ಕೆ ಹೇಳಿ ಮುಗಿಸಿದ್ದೇನೆ. ಉಳಿದವರು ನೀವೇ.) ನಮ್ಮ ಹಿತ್ತಲಲ್ಲಿ ಹನ್ನೆರಡು ತಳಿಯ ಮರಗೆಣಸು ನೆಟ್ಟಿದ್ದಾಳೆ, ತಳಿಗೊಂದು ಸಾಲು. ಯಾವ ಯಾವ ಗುಣ ನೋಡಿ ಒಂದು ತಳಿಯನ್ನು ಇನ್ನೊಂದರಿಂದ ಬೇರೆಯೆಂದು ಗುರುತಿಸಬೇಕು, ಆ ಪಟ್ಟಿ ಮಾಡುವುದೇ ಅವಳ ಕೆಲಸ. ಪಟ್ಟಿ ಕೆಟ್ಟರೆ ಒಂದು ವರ್ಷ ಮಣ್ಣುಪಾಲು.

"ತಾತಾ, ಏಳನೇ ಸಾಲು ಎಷ್ಟು ಮುದ್ದಾಗೈತೆ ನೋಡು" ಅಂದಳು ಒಮ್ಮೆ. ಅಷ್ಟೇ. ಅವಳು ಹಾಸ್ಟೆಲಿಗೆ ಹೋದದ್ದೇ ತಡ, ದಿನಾ ಬೆಳಿಗ್ಗೆ ಏಳನೇ ಸಾಲಿಗೆ ಎರಡು ಬಕೆಟ್. ಉಳಿದ ಹನ್ನೊಂದು ಸಾಲು ನನ್ನನ್ನೇ ನೋಡುತ್ತಿದ್ದವು. ನಾನು ಅವುಗಳ ಕಡೆ ನೋಡಲಿಲ್ಲ.

ಕಳೆದ ವಾರ ಅವಳ ಗೈಡ್ ಮೇಡಂ ಬಂದರು. ಏಳನೇ ಸಾಲು ಉಳಿದವಕ್ಕಿಂತ ಎರಡಡಿ ಎತ್ತರ!

"ಈ ತಳಿಗೆ ಎತ್ತರಾನೇ ಗುರುತು, ಬರ್ಕೊಳಮ್ಮ" ಅಂದರು ಮೇಡಂ. ಚೈತ್ರ ಸಂಭ್ರಮದಿಂದ ಪೆನ್ನು ತೆಗೆದಳು.

ಸುಮ್ಮನಿದ್ದರೆ ಮೊಮ್ಮಗಳು ಸುಳ್ಳು ಬರೆಯುತ್ತಾಳೆ. ಹೇಳಿದರೆ ಮೇಡಂ ಮುಂದೆ ಅವಳ ಮಾನ ಹೋಗುತ್ತದೆ. ಅಷ್ಟರಲ್ಲಿ ಏರ್‌ಪೋರ್ಟಿಗೆ ಇಳಿಯುವ ವಿಮಾನವೊಂದು ತಲೆಯ ಮೇಲೇ ಬಂತು. ಆ ಸದ್ದಿನಲ್ಲೇ ಹೇಳಿಬಿಟ್ಟರೆ ಹೇಳಿದಂತೆಯೂ ಆಯಿತು, ಯಾರಿಗೂ ಕೇಳಿಸದಂತೆಯೂ ಆಯಿತು ಎಂದು ಬಾಯಿ ತೆಗೆದೆ. ವಿಮಾನ ಹೋಯಿತು. ನನ್ನ ಕೂಗು ಉಳಿಯಿತು.

"ಅದು ನಾನ್ ಹುಯ್ದಿದ್ ಸಗಣಿ ನೀರಮ್ಮೋ!"

"ತಾತಾ!" ಅಂದಳು ಚೈತ್ರ. ಅಷ್ಟು ಉದ್ದದ 'ತಾತಾ' ನಾನು ಕೇಳಿಯೇ ಇರಲಿಲ್ಲ.

ಮೇಡಂ ನಕ್ಕರು. "ಹಂಗಾದ್ರೆ ಎತ್ತರ ಬಿಡಿ. ಯಜಮಾನ್ರೇ, ಎತ್ತು ಕೊಳ್ಳೋವಾಗ ನೀವೇನ್ ನೋಡ್ತೀರಾ?"

"ಸುಳಿ ನೋಡ್ತೀವಿ. ಮೈ ನೋಡಿ ಕೊಳ್ಳೋನು ದಡ್ಡ. ಹಿಂಡಿ ತಿನ್ಸಿದ್ರೆ ತಿಂಗ್ಳಲ್ಲಿ ಮೈ ಬರ್ತದೆ. ಹಣೆ ಮೇಲಿನ ಕೂದ್ಲು ಸುಳಿ ಅಳ್ಸೋಕಾಯ್ತದಾ?" ಎಂದು ಎದೆಯುಬ್ಬಿಸಿದೆ.

"ಇಷ್ಟೆಲ್ಲಾ ಗೊತ್ತಿದ್ದೂ ನನ್ ಗಿಡಕ್ಕೆ ಹಿಂಡಿ ತಿನ್ಸಿದ್ಯಲ್ಲ ತಾತಾ!"

ಎದೆ ಇಳಿಯಿತು.

ಆಮೇಲೆ ಮೂವರೂ ಸಾಲು ಸಾಲು ನಡೆದು ಗಿಡಗಳ ಅಳಿಸಲಾಗದ 'ಸುಳಿ' ಹುಡುಕಿದೆವು. ಎಲೆತೊಟ್ಟಿನ ಬಣ್ಣ. ಚಿಗುರಿನ ಬಣ್ಣ. ಕಾಂಡದ ಸಿಪ್ಪೆ ಉಗುರಲ್ಲಿ ಕೆರೆದರೆ ಒಳಗೆ ಕಾಣುವ ಬಣ್ಣ (ಇದು ನನ್ನ ಸಲಹೆ, ದಯವಿಟ್ಟು ಗಮನಿಸಿ). ಅಷ್ಟು ಸಗಣಿ ನೀರು ಕುಡಿದ ಏಳನೇ ಸಾಲಿನ ತೊಟ್ಟು, ನೆಡಲು ಕಡ್ಡಿ ತಂದಿದ್ದ ತಾಯಿಗಿಡದ ಫೋಟೋದಲ್ಲಿ ಚೈತ್ರ ತೋರಿಸಿದ ಅದೇ ಕೆಂಪು. ಒಂಚೂರೂ ಬದಲಾಗಿರಲಿಲ್ಲ! ಮೇಡಂ ಪಟ್ಟಿಗೆ ಸಹಿ ಹಾಕಿದರು. ನನ್ನ ಕಣ್ಣಲ್ಲಿ ನೀರು. (ಸಗಣಿಯದ್ದಲ್ಲ.)

ಮರುದಿನವೇ ಚೈತ್ರ ಹಿತ್ತಲಿಗೆ ಬೇಲಿ ಕಟ್ಟಿಸಿ, ಬೀಗ ಜಡಿದು, ಕೀ ಅಜ್ಜಿಯ ಕೈಗೆ ಕೊಟ್ಟು ಹೋದಳು.

ದನಕ್ಕೆ, ಹಂದಿಗೆ ಬೇಲಿ ಹಾಕುವುದನ್ನು ನೀವೂ ನೋಡಿದ್ದೀರಿ. ತಾತನಿಗೆ ಹಾಕಿದ್ದನ್ನು ಎಲ್ಲಾದರೂ ನೋಡಿದ್ದೀರಾ?