ಬಾಯ್ಲರಕ್ಕನ ಪಿಕಪ್ಪು

ಬಾಯ್ಲರಕ್ಕ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಮದುವೆಯಾಗಿ ಬಂದ ವರ್ಷವೇ ಅತ್ತೆಯ ಕಾಲದ ಲಾಂಡ್ರಿಯನ್ನು ಕೈಗೆತ್ತಿಕೊಂಡವಳು. ಗಂಡ ತೀರಿಕೊಂಡ ಮೇಲೂ ಅದರ ಬಾಗಿಲು ಮುಚ್ಚಗೊಡದವಳು. ಇಸ್ತ್ರಿಗೆ ಉಗಿ ಕೊಡುವ ಬಾಯ್ಲರನ್ನು ಬೇರೆಯವರು ಮುಟ್ಟಿದರೆ ಮೈಮೇಲೆ ದೇವರು ಬಂದಂತೆ ಆಡುತ್ತಿದ್ದಳು. ತಿಂಗಳಿಗೊಮ್ಮೆ ಅದರ ಹೊಟ್ಟೆಗೆ ಆಸಿಡ್ ಕುಡಿಸಿ, ಒಳಗೆ ಕಟ್ಟಿದ ಸುಣ್ಣವನ್ನೆಲ್ಲ ಕಕ್ಕಿಸಿ, ತೊಳೆದ ನೀರು ಕನ್ನಡಿಯಂತೆ ಹೊರಬರುವವರೆಗೆ ಬಿಡುತ್ತಿರಲಿಲ್ಲ. ಕೊಳೆಗೂ ಅವಳಿಗೂ ಎಣ್ಣೆ ಸೀಗೆಕಾಯಿ.

ಲಾಂಡ್ರಿಯ ಜೀವವೆಲ್ಲ ಆಸ್ಪತ್ರೆಯ ಬಟ್ಟೆಯಲ್ಲಿತ್ತು. ಅದನ್ನು ಸಾಗಿಸುತ್ತಿದ್ದ ಬಾಡಿಗೆ ವ್ಯಾನಿನವನು ಮೇಲಿಂದ ಮೇಲೆ ಕೈಕೊಡತೊಡಗಿದಾಗ ಆಸ್ಪತ್ರೆಯ ಸ್ಟೋರ್ ಮೇಡಂ ಕಡ್ಡಿ ಮುರಿದಂತೆ ಹೇಳಿಬಿಟ್ಟರು: "ನೋಡಮ್ಮ, ಆಪರೇಷನ್ ಶುರುವಾಗೋ ಮೊದ್ಲು ನನಗೆ ಬಟ್ಟೆ ಬೇಕು. ಇನ್ನೊಂದು ಸಲ ತಡವಾದ್ರೆ ಬೇರೆಯವರಿಗೆ ಕೊಡ್ತೀನಿ."

ಅಕ್ಕ ಹೋಗಿ ಪಿಕಪ್ ಕೊಂಡು ತಂದಳು. ಮೂರು ಲಕ್ಷ ಕಿಲೋಮೀಟರ್ ಓಡಿ ಹಣ್ಣಾದ ಗಾಡಿ.

"ಅತ್ತಿಗೆ, ಇದು ನಮ್ಮಣ್ಣನಿಗಿಂತ ಹೆಚ್ಚು ಊರು ಸುತ್ತಿದೆ" ಎಂದ ಮೈದುನ. ಲಾಂಡ್ರಿಯಲ್ಲಿ ಗಂಟು ಕಟ್ಟುವುದು, ಗಂಟು ಹೊರುವುದು, ಅತ್ತಿಗೆಯನ್ನು ಕೆಣಕುವುದು ಅವನ ಕೆಲಸ.

"ಸುತ್ತಿದ ಕಾಲಿಗೇ ಕಣೋ ದಾರಿ ಗೊತ್ತಿರೋದು. ಬಾಯಿ ಮುಚ್ಕೊಂಡು ಗಾಳಿ ಹೊಡಿ ಟೈರಿಗೆ."

ಗ್ಯಾರೇಜಿನ ಮೇಸ್ತ್ರಿ ಎಂಜಿನ್ ಆಯಿಲ್, ಬೆಲ್ಟು, ಬ್ರೇಕ್ ಶೂ ಬದಲಿಸಿಕೊಟ್ಟು ಬುದ್ಧಿಯನ್ನೂ ಹೇಳಿದ. "ಹಳೇ ಗಾಡಿ ಹಳೇ ಸಂಸಾರ ಇದ್ದಂಗೆ ಅಕ್ಕ. ಎಲ್ಲಾನೂ ಒಟ್ಟಿಗೆ ಸರಿ ಮಾಡೋಕೆ ಹೋಗ್ಬೇಡಿ. ಒಂದನ್ನ ಮುಟ್ಟಿ, ನಾಲ್ಕು ದಿನ ಓಡ್ಸಿ, ಆಮೇಲೆ ಇನ್ನೊಂದು. ಎಂಜಿನ್ ತಂಪು ಮಾಡೋ ರೇಡಿಯೇಟರಿಗಂತೂ ಕೈ ಹಾಕ್ಲೇಬೇಡಿ. ನೀರು ಇಳಿದ್ರೆ ತುಂಬಿ, ಸಾಕು."

ಅಕ್ಕ ಹಾಗೇ ನಡೆದಳು. ದಿನಾ ಬೆಳಿಗ್ಗೆ ಕಡ್ಡಿ ಅದ್ದಿ ಆಯಿಲ್ ನೋಡುವಳು, ಗಾಡಿಯ ಕೆಳಗೆ ಬಗ್ಗಿ ಹನಿ ಬಿದ್ದಿದೆಯೇ ಎಂದು ನೆಲ ಸವರುವಳು. ಆದರೆ ನೀರು ತುಂಬಲು ಮುಚ್ಚಳ ತೆಗೆದಾಗಲೆಲ್ಲ ಒಳಗೆ ತುಕ್ಕು ಕದಡಿದ ಕೆಂಪು ರಾಡಿ. ಹುಟ್ಟುಗುಣ ಸುಟ್ಟರೂ ಹೋದೀತೆ? ರಜೆಯ ದಿನ ನೋಡಿ ಬಾಯ್ಲರಿನ ಆಸಿಡ್ಡನ್ನೇ ನೀರಿಗೆ ಬೆರೆಸಿ ರೇಡಿಯೇಟರಿಗೆ ಹೊಯ್ದಳು. ಎಂಜಿನ್ ಓಡಿಸಿ, ಬಸಿದು, ತೊಳೆದು, ಮತ್ತೆ ಬಸಿದಳು. ಕೊನೆಗೆ ತಿಳಿನೀರು ಬಂತು.

"ನೋಡೋ! ಕುಡೀಬಹುದು ಇದನ್ನ!"

"ಹಿರಿಯರು ನೀವು, ಮೊದ್ಲು ನೀವೇ ಕುಡೀರಿ ಅತ್ತಿಗೆ."

ಊಟ ಮುಗಿಸಿ ಬಂದು ನೋಡಿದರೆ ಗಾಡಿಯ ಕೆಳಗೆ ಕೆರೆ.

ಕರೆ ಹೋದದ್ದೇ ಮೇಸ್ತ್ರಿ ಬಂದ. ಕುಕ್ಕರುಗಾಲಲ್ಲಿ ಕೂತು ನೋಡಿ, "ಏನು ಕುಡಿಸಿದ್ರಿ?" ಎಂದ.

"ಬಾಯ್ಲರಿಗೆ ಹಾಕೋದನ್ನೇ."

"ಬಾಯ್ಲರ್ ತಗಡು ಬೆರಳು ದಪ್ಪ. ಇದರ ಕೊಳವೆ ಈರುಳ್ಳಿ ಸಿಪ್ಪೆ. ಸವೆದು ತೂತಾದ ಕಡೆಯೆಲ್ಲ ಮುಚ್ಕೊಂಡು ಕೂತಿದ್ದೇ ಆ ಕೊಳೆ. ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ರಿ ಅಕ್ಕ!"

ಹೊಸ ರೇಡಿಯೇಟರ್ ತರಿಸಲು ಎರಡು ದಿನ. ಬಟ್ಟೆ ಹೋಗಬೇಕಾದದ್ದು ನಾಳೆ ಬೆಳಿಗ್ಗೆ. ವ್ಯಾನಿನವನನ್ನೇ ಕೂಗೋಣವೆಂದ ಮೈದುನ.

"ಅವನನ್ನ ನಂಬಿ ಆಗಿದ್ದು ಸಾಲದಾ? ಮೇಸ್ತ್ರಿ, ಇದು ತಾಮ್ರದ್ದು ತಾನೇ? ಬಿಚ್ಚಿ. ಬೆಸುಗೆ ಹಾಕಿ."

"ಹಾಕ್ಬಹುದು. ತೂತು ಎಲ್ಲೆಲ್ಲಿದೆ ಅಂತ ಹುಡುಕೋದ್ಯಾರು?"

"ನಾನು."

ಬಟ್ಟೆ ನೆನೆಹಾಕುವ ತೊಟ್ಟಿಗೆ ನೀರು ತುಂಬಿಸಿದಳು. ರೇಡಿಯೇಟರಿನ ಬಾಯಿಗಳಿಗೆ ಬಿರಟೆ ಬಿಗಿದು ಮುಳುಗಿಸಿದರು. ಮೈದುನ ಪಂಪಿನಿಂದ ಗಾಳಿ ಒತ್ತಿದ. ಗುಳ್ಳೆ ಎದ್ದಲ್ಲೆಲ್ಲ ಅಕ್ಕ ಬೆರಳಿಟ್ಟು, ಯಾರ ಬಟ್ಟೆ ಯಾವುದೆಂದು ತಿಳಿಯಲು ಹಾಕುವ ಕೆಂಪು ದಾರದ ಗುರುತು ಕಟ್ಟುತ್ತ ಹೋದಳು. ಮೇಸ್ತ್ರಿ ಒಂದೊಂದನ್ನೇ ಬೆಸೆದ. ತೀರ ಸವೆದ ಎರಡು ಕೊಳವೆಗಳ ಎರಡೂ ತುದಿ ಮುಚ್ಚಿಬಿಟ್ಟ. ಮತ್ತೆ ಮುಳುಗಿಸಿದರು, ಇನ್ನೊಂದು ಕಡೆ ಗುಳ್ಳೆ. ಮತ್ತೆ ಬೆಸುಗೆ. ತೊಟ್ಟಿಯ ನೀರು ಅಲುಗದೆ ನಿಂತಾಗ ಮೂವರ ಬೆನ್ನೂ ಬಿಲ್ಲಾಗಿತ್ತು.

"ಗಾಡಿಯೊಳಗಿನ ಹೀಟರ್ ಪೂರ್ತಿ ತಿರುಗಿಸಿಟ್ಟು ಓಡ್ಸಿ, ಎಂಜಿನ್ ಕಾವು ಅದ್ರಲ್ಲಿ ಸ್ವಲ್ಪ ಹೋಗುತ್ತೆ" ಎಂದ ಮೇಸ್ತ್ರಿ. "ಮೀಟರಲ್ಲಿ ಬಿಸಿ ತೋರ್ಸೋ ಸೂಜಿ ಏರಿದ್ರೆ ನಿಲ್ಸಿ. ಹಟ ಮಾಡ್ಬೇಡಿ."

ಬೆಳಿಗ್ಗೆ ಗಂಟುಗಳನ್ನೇರಿಸಿಕೊಂಡು ಹೊರಟರು. ಕಾಲಬುಡದಲ್ಲಿ ಬಿಸಿಗಾಳಿ ರೊಯ್ಯನೆ ಬಡಿಯುತ್ತಿತ್ತು.

"ಅತ್ತಿಗೆ, ನನ್ನನ್ನೂ ಮಡಚಿ ಇಟ್ಬಿಡಿ. ಇಸ್ತ್ರಿ ಆಯ್ತು."

ಅಕ್ಕ ನಗಲಿಲ್ಲ, ಕಣ್ಣು ಸೂಜಿಯ ಮೇಲಿತ್ತು. ಆಸ್ಪತ್ರೆಯ ಏರಿನಲ್ಲಿ ಅದು ಮೆಲ್ಲಗೆ ತಲೆಯೆತ್ತಿತು. ಗೇಟು ಕಣ್ಣೆದುರೇ ಇತ್ತು.

"ಬಂದೇಬಿಟ್ವಲ್ಲ, ಹೊಡೀರಿ ಅತ್ತಿಗೆ!"

ಅಕ್ಕ ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿದಳು. "ಇವತ್ತು ಎಂಜಿನ್ ಸುಟ್ಕೊಂಡು ಗೆದ್ರೆ ನಾಳೆ ಗಂಟು ಯಾವುದರಲ್ಲಿ ತರ್ತೀಯ? ಇಳಿ. ಆಪರೇಷನ್ ಗಂಟು ತೆಗಿ."

ಟೈರುಗಳಿಗೆ ಕಲ್ಲು ಕೊಟ್ಟು, ಅವನಿಗೆರಡು ಗಂಟು, ತನ್ನ ಹೆಗಲಿಗೊಂದು. ಏರು ಹತ್ತಿ ಸ್ಟೋರಿನ ಮುಂದೆ ನಿಂತಾಗ ಅವಳಿಗೆ ಉಸಿರು ಮೇಲೆ ಕೆಳಗೆ.

"ಗಾಡಿ ಎಲ್ಲಮ್ಮ ಇವತ್ತು?" ಮೇಡಂ ಹುಬ್ಬೇರಿಸಿದರು.

"ಕೆಳಗೆ ಸುಧಾರಿಸ್ಕೊಳ್ತಿದೆ ಮೇಡಂ. ಆಪರೇಷನ್ ಬಟ್ಟೆ ಇದು, ಎಣಿಸ್ಕೊಳಿ. ವಾರ್ಡಿಂದು ಹಿಂದೇನೇ ಬರುತ್ತೆ."

ಮೇಡಂ ಗೋಡೆ ಗಡಿಯಾರ ನೋಡಿದರು. ಬಟ್ಟೆ ಎಣಿಸಿಕೊಂಡು ಗಂಟುಗಳನ್ನು ಒಳಗೆ ಕಳಿಸಿದರು.

ಕೆಳಗೆ ಬಂದಾಗ ಸೂಜಿ ಇಳಿದಿತ್ತು. ಮೊದಲ ಗೇರಿನಲ್ಲಿ, ಬಸುರಿಯನ್ನು ನಡೆಸುವ ಹಾಗೆ, ಅಕ್ಕ ಗಾಡಿಯನ್ನು ಗೇಟಿನೊಳಕ್ಕೆ ತಂದು ಉಳಿದ ಗಂಟುಗಳನ್ನು ಇಳಿಸಿದಳು. ಮೇಡಂ ಹೊರಗೆ ಬಂದು ಪಿಕಪ್ಪನ್ನು ಒಂದು ಸುತ್ತು ಹಾಕಿದರು.

"ನಾಳೆ ಬರುತ್ತಾ ಇದು?"

"ಇದೂ ಬರುತ್ತೆ, ನಾನೂ ಬರ್ತೀನಿ."

"ಸರಿ, ಕೊಳೆ ಬಟ್ಟೆ ತುಂಬ್ಕೊಳಿ ಹಾಗಾದ್ರೆ" ಎಂದು ಮೇಡಂ ಒಳಗೆ ಹೋದರು.

ಮೈದುನ ಗಂಟು ಎಸೆದ, ಅಕ್ಕ ಹಿಡಿದು ಜೋಡಿಸಿದಳು. ಲಾಂಡ್ರಿಯ ತಿರುವು ಬಂದಾಗ ತಿರುಗದೆ ನೇರ ಗ್ಯಾರೇಜಿನ ಕಡೆ ಹೊಡೆದಳು. ಹೊಸ ರೇಡಿಯೇಟರ್ ತರಿಸಲು ಮೇಸ್ತ್ರಿಗೆ ಇವತ್ತೇ ಹೇಳಬೇಕಿತ್ತು.