ಅಕ್ಕನ ಕಾರು, ನಾನು ಹಾಕಿದ ಐದು ಸಹಿ

ಜೇವರ್ಗಿಯಿಂದ ಗುಲ್ಬರ್ಗಾಕ್ಕೆ ಬರುವ ದಾರಿಯಲ್ಲಿ ಭೀಮಾ ನದಿಗೆ ಸೇತುವೆ ಇದೆ. ಅದರ ನಡುಮಧ್ಯೆ, ಎಡಗಡೆಯ ಕಟ್ಟೆಗೆ ಬೆನ್ನು ಹಚ್ಚಿ ನಾನು ನಿಂತಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಬೇಸಿಗೆಯ ಸೋಮವಾರ, ಮೂರಕ್ಕೆ ಹತ್ತು ನಿಮಿಷ ಕಡಿಮೆ. ನನ್ನಿಂದ ನಾಲ್ಕು ಹೆಜ್ಜೆಯಾಚೆ ಅಕ್ಕನ ಹೊಸ ಕಾರು ನಿಂತುಬಿಟ್ಟಿತ್ತು. ಅದರ ಹಿಂದೆ, ಒಂದು ಮೊಳವೂ ಅಂತರವಿಲ್ಲದೆ, ತೊಗರಿ ಚೀಲ ಹೇರಿದ ಲಾರಿ ಇತ್ತು. ಅದು ಬ್ರೇಕು ಹಾಕಿದಾಗ ಎದ್ದ ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಅಕ್ಕ ಸ್ಟಿಯರಿಂಗ್ ಬಿಟ್ಟಿರಲಿಲ್ಲ.

ಅಕ್ಕ ಅಫಜಲಪುರದಲ್ಲಿ ಡಾಕ್ಟರು. ಸೋಮವಾರಕ್ಕೊಮ್ಮೆ ಜೇವರ್ಗಿಗೆ ಹೋಗಿ ಬಸುರಿಯರನ್ನು ನೋಡುತ್ತಿದ್ದಳು. ನಾನು ಅವಳ ಆಸ್ಪತ್ರೆಯ ಔಷಧದ ಅಂಗಡಿ ನೋಡಿಕೊಳ್ಳುತ್ತಿದ್ದೆ. ಗುಲ್ಬರ್ಗಾದಲ್ಲಿ ಮಾಲು ತರುವುದಿದ್ದರೆ ಜೊತೆಗೆ ಹೋಗುತ್ತಿದ್ದೆ. ನನಗೆ ಕಾರು ನಡೆಸಲು ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆಗ ನಮ್ಮ ಊರಲ್ಲಿ ಕಾರು ನಡೆಸುವ ಹೆಣ್ಣುಮಗಳು ಅವಳೊಬ್ಬಳೇ. ಅವಳು ಪೇಟೆಯಲ್ಲಿ ಹಾದರೆ ಜನ ಅಂಗಡಿಯಿಂದ ಇಳಿದು ನೋಡುತ್ತಿದ್ದರು. ಕಾರು ಕೆಟ್ಟಿತು ಎಂದು ಗೊತ್ತಾದ ದಿನ ಅವರಿಗೆಲ್ಲ ಒಂದು ಸಮಾಧಾನವಾಯಿತು.

ದೋಷ ಹೀಗಿತ್ತು. ಮುಕ್ಕಾಲು ತಾಸು ಓಡಿ ಎಂಜಿನ್ ಕಾದ ಮೇಲೆ ಕಾರು ಇದ್ದಕ್ಕಿದ್ದಂತೆ ನಿಂತುಬಿಡುತ್ತಿತ್ತು. ಇಪ್ಪತ್ತು ನಿಮಿಷ ಆರಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸುರುವಾಗುತ್ತಿತ್ತು. ಹೀಗಾಗಿ ಮೆಕ್ಯಾನಿಕ್ ಬಂದು ನೋಡುವ ಹೊತ್ತಿಗೆ ಅದು ಯಾವಾಗಲೂ ಸರಿಯಾಗಿಯೇ ಇರುತ್ತಿತ್ತು. ಸೇತುವೆಯ ಮೇಲಿನದು ಮೊದಲ ಸಲ. ಆಮೇಲೆ ಐದು ಸಲ ಆಯಿತು, ಒಮ್ಮೆ ಹೆರಿಗೆಯ ನೋವು ತಿನ್ನುತ್ತಿದ್ದ ಹೆಂಗಸನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಹೋಗುವಾಗ. ಅವಳನ್ನು ಎತ್ತಿನ ಗಾಡಿಗೆ ದಾಟಿಸಿದೆವು. ತಾಯಿ, ಮಗು ಇಬ್ಬರೂ ಉಳಿದರು. ಆ ದಿನದಿಂದ ಅಕ್ಕ ಕಾರಿನಲ್ಲಿ ರೋಗಿಗಳನ್ನು ಕೂರಿಸಲಿಲ್ಲ.

ಮೊದಲ ಐದು ಸಲವೂ ಕಾರು, ಅದನ್ನು ಕೊಂಡಿದ್ದ ಗುಲ್ಬರ್ಗಾದ ಶೋರೂಮಿಗೆ ಹೋಯಿತು. ಒಮ್ಮೆ ಪ್ಲಗ್ ಬದಲಿಸಿದರು, ಒಮ್ಮೆ ಪೆಟ್ರೋಲ್ ಪಂಪು, ಒಮ್ಮೆ ಕಾಯಿಲ್. ವರ್ಕ್‌ಶಾಪಿನ ಸುತ್ತ ಹತ್ತು ನಿಮಿಷ ಓಡಿಸಿ ಸರಿಯಾಗಿದೆ ಎಂದರು. ಪ್ರತಿ ಸಲವೂ ಗುಮಾಸ್ತ ಅಕ್ಕನನ್ನು ಖುರ್ಚಿಯ ಮೇಲೆ ಕೂರಿಸಿ, ಚಹಾ ತರಿಸಿ, ಕಾಗದವನ್ನು ನನ್ನ ಮುಂದೆ ಇಡುತ್ತಿದ್ದ. ಅವರಿಗ್ಯಾಕ ತ್ರಾಸು, ನೀವ ಹಾಕ್ರಿ ಅಣ್ಣಾರ ಎನ್ನುತ್ತಿದ್ದ. ನಮ್ಮ ಕಡೆ ಹೆಣ್ಣುಮಗಳ ಜೊತೆ ಗಂಡಸಿದ್ದರೆ ಕಾಗದ ಗಂಡಸಿನ ಕೈಗೇ ಹೋಗುತ್ತದೆ. ನನಗೂ ಅದು ಸಹಜ ಎನಿಸಿತ್ತು. ಕೀಲಿಕೈ ಕೊಡುವ ಮೊದಲೇ ಸಹಿ ಹಾಕುತ್ತಿದ್ದೆ. ‘ದುರಸ್ತಿಯಿಂದ ತೃಪ್ತಿಯಾಗಿದೆ’ ಎಂದು ಮೇಲೆ ಅಚ್ಚಾಗಿದ್ದುದನ್ನು ಒಂದು ಸಲವೂ ಓದಲಿಲ್ಲ.

ಆರನೆಯ ಸಲ ಹೋದಾಗ ಮ್ಯಾನೇಜರ್ ಬಲು ನಯವಾಗಿ ಮಾತಾಡಿದ. ಇನ್ನೊಮ್ಮೆ ಪುಕ್ಕಟೆ ರಿಪೇರಿ ಮಾಡಿಕೊಡುತ್ತೇವೆ, ಆದರೆ ನಡೆಸುವವರ ಅನನುಭವದಿಂದ ತೊಂದರೆಯಾಗಿದೆ ಎಂದು ಬರೆದುಕೊಡಬೇಕು ಎಂದ. ಕಾಗದವನ್ನು ಮತ್ತೆ ನನ್ನ ಮುಂದೆಯೇ ಇಟ್ಟ. ಅಕ್ಕ ಕೈ ಚಾಚಿ ಅದನ್ನು ಎತ್ತಿಕೊಂಡಳು, ಪೂರ್ತಿ ಓದಿದಳು, ಮಡಚಿ ಪರ್ಸಿಗೆ ಹಾಕಿಕೊಂಡಳು.

"ಗಾಡಿ ಕೆಟ್ರ ರಿಪೇರಿ ಆಗ್ತದ್ರಿ. ಇದಕ್ಕ ಸಹಿ ಹಾಕಿದ್ರ ನಾ ಕೆಟ್ಟೆ ಅಂತ ಆಗ್ತದ. ಹಾಕಂಗಿಲ್ಲ."

ಗ್ರಾಹಕರಿಗೆಂದು ಹೊಸ ಕಾನೂನು ಬಂದಿದೆ, ಜಿಲ್ಲಾ ವೇದಿಕೆಗೆ ಬಿಳಿ ಹಾಳೆಯಲ್ಲೇ ದೂರು ಬರೆಯಬಹುದು, ವಕೀಲರೂ ಬೇಕಿಲ್ಲ ಎಂದು ಅವಳ ರೋಗಿಯೊಬ್ಬಳ ಗಂಡ ಹೇಳಿದ್ದ. ಅಕ್ಕ ತಾನೇ ಬರೆದಳು. ದುಡ್ಡು ವಾಪಸ್ಸು ಕೊಡಿ ಅಥವಾ ಬೇರೆ ಕಾರು ಕೊಡಿ, ಯಾವುದೇ ಕೊಟ್ಟರೂ ದೋಷ ಕಾರಿನದು ಎಂದು ಬರೆದುಕೊಡಿ ಎಂದು ಕೇಳಿದ್ದಳು. ಕೊನೆಯ ಮಾತಿಗೆ ಎರಡು ಗೆರೆ ಎಳೆದಿದ್ದಳು.

ವಿಚಾರಣೆಯ ದಿನ ಶೋರೂಮಿನ ವಕೀಲರು ಆ ಐದು ಕಾಗದ ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದರು. ನಾನು ಅಕ್ಕನ ಮುಖ ನೋಡಲಿಲ್ಲ.

"ಇವು ನಿಮ್ಮ ಸಹಿ ಹೌದಲ್ರಿ?"

"ಹೌದ್ರಿ, ಐದೂ ನನ್ನವ."

"ಗಾಡಿ ಸರಿ ಆಗೇದ ಅಂತ ಐದು ಸಲ ಒಪ್ಪೀರಿ. ಈಗ ಇಲ್ಲ ಅಂತೀರಿ. ಯಾವುದು ಖರೆ?"

ಸುಳ್ಳು ಹೇಳುವ ಆಸೆ ಆಗಲಿಲ್ಲ ಎಂದರೆ ಅದೇ ಸುಳ್ಳಾಗುತ್ತದೆ. ಮೋಸದಿಂದ ಹಾಕಿಸಿಕೊಂಡರು ಎನ್ನಬಹುದಿತ್ತು. ಯಾರೂ ಮೋಸ ಮಾಡಿರಲಿಲ್ಲ.

"ಗಾಡಿ ಹೊಡದು ನೋಡೋಕಿಂತ ಮೊದಲ ಹಾಕೀನ್ರಿ. ನನಗ ಗಾಡಿ ಹೊಡೀಲಿಕ್ಕ ಬರಂಗಿಲ್ಲ. ಸರಿ ಆಗೇದೋ ಇಲ್ಲೋ ನನಗೇನು ತಿಳೀತದ? ಕಾಗದ ನನ್ನ ಮುಂದ ಇಟ್ರು, ಗಂಡಸ ಅಂತ ಹಾಕಿದೆ. ತಪ್ಪು ನಂದ. ಆದ್ರ ಗಾಡಿ ನಮ್ಮಕ್ಕಂದು. ಆಕಿನ್ನ ಯಾರೂ ಕೇಳಿಲ್ಲ."

ಪೀಠದಲ್ಲಿದ್ದ ಮೂವರಲ್ಲಿ ಒಬ್ಬರು ಹೆಂಗಸು. ಅವರು ಐದೂ ಕಾಗದ ತರಿಸಿಕೊಂಡು ಒಂದೊಂದಾಗಿ ತಿರುವಿ ನೋಡಿದರು. ಮಾಲೀಕರ ಹೆಸರಿನ ಜಾಗದಲ್ಲಿ ಅಕ್ಕನ ಹೆಸರು, ಸಹಿಯ ಜಾಗದಲ್ಲಿ ನನ್ನದು. ಇವರು ಯಾರು ಎಂದು ಅವರು ವಕೀಲರನ್ನು ಕೇಳಿದರು. ವಕೀಲರು, ಡಾಕ್ಟರ ತಮ್ಮ ಎಂದರು. ಕಾರನ್ನು ತಮ್ಮನಿಗೆ ಮಾರಿದ್ದಿರಾ ಎಂದು ಆ ಹೆಂಗಸು ಕೇಳಿದರು.

ಕಾರನ್ನು ಪಾಲಿಟೆಕ್ನಿಕ್‌ನ ಅಧ್ಯಾಪಕರೊಬ್ಬರು ಪರೀಕ್ಷಿಸಬೇಕೆಂದು ಆದೇಶವಾಯಿತು. ಹತ್ತು ನಿಮಿಷವಲ್ಲ, ಒಂದೂವರೆ ತಾಸು ಓಡಿಸಬೇಕು ಎಂದು ಅಕ್ಕ ಕೇಳಿಕೊಂಡಳು. ಇನ್ನೊಂದನ್ನೂ ಕೇಳಿದಳು: ನಡೆಸುವವನು ಶೋರೂಮಿನ ಮೆಕ್ಯಾನಿಕ್ಕೇ ಆಗಬೇಕು.

ಪರೀಕ್ಷೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಗುಲ್ಬರ್ಗಾ ಬಿಟ್ಟು ಅಫಜಲಪುರದ ದಾರಿ ಹಿಡಿದೆವು. ಮೆಕ್ಯಾನಿಕ್ಕಿನ ಪಕ್ಕದಲ್ಲಿ ಅಧ್ಯಾಪಕರು, ಹಿಂದೆ ಅಕ್ಕ ಮತ್ತು ನಾನು. ಮುಕ್ಕಾಲು ತಾಸು ಕಾರು ಚೆನ್ನಾಗಿಯೇ ಓಡಿತು. ಗೊಬ್ಬೂರ ದಾಟಿ ಸ್ವಲ್ಪ ದೂರಕ್ಕೆ, ಒಂದು ಚಹಾದ ಗುಡಿಸಲಿನ ಎದುರಿಗೆ ಎಂಜಿನ್ ಎರಡು ಸಲ ಕೆಮ್ಮಿತು. ಮೆಕ್ಯಾನಿಕ್ ಗೇರು ಬದಲಿಸಿದ. ಕಾರು ತನ್ನಷ್ಟಕ್ಕೆ ಉರುಳಿ ರಸ್ತೆಯ ಅಂಚಿಗೆ ನಿಂತಿತು. ಅವನು ಕೀಲಿ ತಿರುವಿದ, ಮತ್ತೆ ತಿರುವಿದ.

ಅಕ್ಕ ಮುಂದಕ್ಕೆ ಬಾಗಿ ಹೇಳಿದಳು: "ಹೊಸಾದಾಗಿ ಕಲ್ತೀರೇನ್ರಿ ಅಣ್ಣಾರ? ರೂಢಿ ಆಗ್ತದ, ಅಂಜಬ್ಯಾಡ್ರಿ."

ಅಧ್ಯಾಪಕರು ನಕ್ಕು, ಪುಸ್ತಕದಲ್ಲಿ ಸಮಯ ಬರೆದುಕೊಂಡರು. ಗುಡಿಸಲಿನ ಮುದುಕಿ ಚಹಾ ತಂದುಕೊಟ್ಟಳು, ಅವಳ ಸೊಸೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಇಪ್ಪತ್ತು ನಿಮಿಷಕ್ಕೆ ಕಾರು ಮತ್ತೆ ಸುರುವಾಯಿತು. ಅದನ್ನೂ ಬರೆದುಕೊಂಡರು. ಎಂಜಿನ್ನಿನೊಳಗೆ ಕೆಟ್ಟದ್ದು ನಿಜವಾಗಿ ಏನು ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಿದೆ ಎಂದು ಬರೆಯುವುದಿಲ್ಲ.

ಆದೇಶ ಬರಲು ಎಂಟು ತಿಂಗಳಾಯಿತು. ಶೋರೂಮಿನವರು ಬೇರೆ ಕಾರು ಕೊಟ್ಟರು. ದೋಷ ಕಾರಿನದು, ನಡೆಸಿದವರದಲ್ಲ ಎಂಬ ಸಾಲು ಆದೇಶದಲ್ಲಿದೆ. ಅಕ್ಕ ಆ ಹಾಳೆಯನ್ನು ಆಸ್ಪತ್ರೆಯ ಗೋಡೆಗೆ, ತನ್ನ ಪದವಿ ಪತ್ರದ ಪಕ್ಕಕ್ಕೆ, ಕಟ್ಟು ಹಾಕಿಸಿ ತೂಗುಹಾಕಿದಳು.

ಅಕ್ಕ ಈಗಿಲ್ಲ. ಹೋದ ತಿಂಗಳು ಒಂದು ಮದುವೆಯ ಪಂಕ್ತಿಯಲ್ಲಿ ನನ್ನ ಎದುರೇ ಒಬ್ಬರು, ಡಾಕ್ಟರಮ್ಮನಿಗೆ ಕಾರು ನಡೆಸಲು ಬರುತ್ತಿರಲಿಲ್ಲ, ಶೋರೂಮಿನವರು ಕರುಣೆಯಿಂದ ಬದಲಿಸಿ ಕೊಟ್ಟರು ಎಂದರು. ಎಲೆ ಬಿಟ್ಟು ಎದ್ದು ಬಂದೆ. ನನ್ನ ಮಾತು ನಂಬಬೇಡಿ. ನಾನು ತಮ್ಮ, ಮೇಲಾಗಿ ಓದದೆ ಸಹಿ ಹಾಕಿದವನು. ಆದರೆ ಗೊಬ್ಬೂರದ ರಸ್ತೆಯಲ್ಲಿ ಕಂಡವರು ಇನ್ನೂ ಮೂವರಿದ್ದಾರೆ, ಅವರನ್ನು ಕೇಳಿ. ಅಧ್ಯಾಪಕರು ನಿವೃತ್ತರಾಗಿ ಆಳಂದದಲ್ಲಿ ಮಗಳ ಮನೆಯಲ್ಲಿದ್ದಾರೆ. ಕಾರು ನಡೆಸಿದ ಮೆಕ್ಯಾನಿಕ್ ಜೇವರ್ಗಿಯಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ನಮಗೆ ಅವತ್ತು ಚಹಾ ಕೊಟ್ಟ ಮುದುಕಿಯ ಸೊಸೆ, ಆಗ ಹೊಸ ಮದುವಣಗಿತ್ತಿ, ಈಗ ಅದೇ ಜಾಗದಲ್ಲಿ ತಾನೇ ಚಹಾ ಕಾಯಿಸುತ್ತಾಳೆ.