ದ್ಯಾಮಕ್ಕ ಕೈ ಚಾಚಿದ್ದು

ಹಡಗಲಿಯ ಬಸ್ ನಿಲ್ದಾಣದ ಹೂವಿನ ಸಾಲಿನಲ್ಲಿ ದ್ಯಾಮಕ್ಕನ ಮಾರು ಅಂದರೆ ಮಾರು. ಬೇರೆಯವರು ಕೈ ಮಡಚಿ ಅರ್ಧ ಗೇಣು ನುಂಗಿದರೆ, ಈಕೆ ಎರಡೂ ಕೈ ಪೂರ್ತಿ ಚಾಚಿ ಅಳೆದು, ಮೇಲೊಂದು ಗೇಣು ಸೇರಿಸಿ ಕೊಡುವ ಹೆಂಗಸು. "ಸಂಜಿಗೆ ಬಾಡೋ ಸಾಮಾನಿನಾಗ ಏನ್ ಜಿಪುಣತನ ಬೇ?" ಎನ್ನುತ್ತಿದ್ದಳು. ಗಂಡ ಮೈಲಪ್ಪ ಕುರಿಗಳ ಹಿಂದೆ ಹೋದನೆಂದರೆ ಹೊತ್ತು ಮುಳುಗಿದ ಮೇಲೇ ಮನೆ. ಒಬ್ಬಳೇ ಮಗಳು ಪುಷ್ಪಲತಾ ಹರಪನಹಳ್ಳಿ ಕಡೆಯ ಅರಸೀಕೆರೆಗೆ ಕೊಟ್ಟ ಹುಡುಗಿ, ಅಲ್ಲೇ ಅಂಗನವಾಡಿ ಟೀಚರು.

ಮೂವತ್ತು ವರ್ಷ ಮಲ್ಲಿಗೆ ಕಟ್ಟಿದ ಬೆರಳುಗಳು ಎರಡು ಸಾವಿರದ ಆರನೇ ಇಸವಿಯಲ್ಲಿ ಜೋಮು ಹಿಡಿದವು. ಗಂಟು ಸಡಿಲಾಗಿ ಮೊಗ್ಗು ಉದುರತೊಡಗಿದವು. "ದಾರ ಹಿಡದೀನೋ ಬಿಟ್ಟೀನೋ ಗೊತ್ತಾಗವಲ್ದು ನೋಡವ್ವ" ಎಂದು ದ್ಯಾಮಕ್ಕ ಮಗಳ ಮುಂದೆ ಕಣ್ಣಲ್ಲಿ ನೀರು ತಂದಳು. ಹೂವು ಕಟ್ಟಲಾರದ ದ್ಯಾಮಕ್ಕ ಹೇಗಿರುತ್ತಾಳೆ ಅನ್ನುವುದು ಪುಷ್ಪಲತಾಗೆ ಊಹೆಗೇ ನಿಲುಕಲಿಲ್ಲ.

ಅದೇ ತಿಂಗಳು ಹರಪನಹಳ್ಳಿಯಲ್ಲಿ ಟೀಚರುಗಳ ಮೀಟಿಂಗು ಮುಗಿದ ಮೇಲೆ ಒಬ್ಬ ಏಜೆಂಟು ಟೈ ಕಟ್ಟಿಕೊಂಡು ಬಂದಿದ್ದ. ಕೈಕಾಲು ಜೋಮಿಗೆ, ನರಗಳ ಶಕ್ತಿಗೆ ಅಂತ ಒಂದು ಡಬ್ಬಿ ತೋರಿಸಿದ. "ಇದು ಔಷಧಿ ಅಲ್ರಿ ಮೇಡಂ, ಬರೇ ಪೌಷ್ಟಿಕಾಂಶ" ಎಂದ. ಹಾಳಾದ ಮಾತು! ದಿನಾ ಮಕ್ಕಳಿಗೆ ಪೌಷ್ಟಿಕ ಆಹಾರ ಅಳೆದು ಹಾಕುವ ಪುಷ್ಪಲತಾ ಆ ಪದವನ್ನು ನಂಬದೆ ಇನ್ನೇನು ನಂಬಿಯಾಳು? ಎರಡು ಡಬ್ಬಿ ತಂದು ತಾಯಿಗೆ ಕೊಟ್ಟಳು. ದಿನಾ ಎರಡು ಗುಳಿಗೆ ತಪ್ಪಿಸಬಾರದು ಅಂತ ಆಣೆ ಬೇರೆ ಹಾಕಿಸಿಕೊಂಡಳು.

ದ್ಯಾಮಕ್ಕ ತಪ್ಪಿಸಲಿಲ್ಲ. ಒಂದೂವರೆ ತಿಂಗಳಾದ ಮೇಲೆ ಒಂದು ದಿನ, ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ ತಿಂದು ಹೂವಿನ ಬುಟ್ಟಿ ಮುಂದೆ ಕೂತವಳು, ಹತ್ತು ಗಂಟೆ ಸುಮಾರಿಗೆ ಗಡಗಡ ನಡುಗಿದಳು. ಮೈಯೆಲ್ಲ ಬೆವರು, ಕಣ್ಣು ಎಲ್ಲೋ ನೆಟ್ಟಿವೆ, ಬಾಯಲ್ಲಿ ಅರ್ಥವಿಲ್ಲದ ಮಾತು. ಪಕ್ಕದ ಬುಟ್ಟಿಯ ಜಂಬಮ್ಮ, ಆ ಸಾಲಿಗೆಲ್ಲ ಹಿರಿಯಳು, ದಿಗ್ಗನೆ ಎದ್ದು ಕೈಮುಗಿದಳು. "ಅಮ್ಮ ಬಂದಾಳ! ದ್ಯಾಮಕ್ಕನ ಮೈಮ್ಯಾಲ ಊರಮ್ಮ ಬಂದಾಳ!"

ಹಣೆಗೆ ಭಂಡಾರ ಹಚ್ಚಿದರು, ಬಾಳೆಹಣ್ಣು ಬೆಲ್ಲ ಬಾಯಿಗಿಟ್ಟರು. ಸ್ವಲ್ಪ ಹೊತ್ತಿಗೆ ನಡುಕ ನಿಂತು ದ್ಯಾಮಕ್ಕ "ಏನಾತು?" ಎಂದು ಕೇಳಿದಳು. ನೈವೇದ್ಯ ಒಪ್ಪಿಸಿಕೊಂಡು ಅಮ್ಮ ಹೋದಳು ಅಂತ ಎಲ್ಲರಿಗೂ ಖಾತ್ರಿಯಾಯಿತು. ಮತ್ತೆ ಬಂದಳು, ಮತ್ತೆ ಬೆಲ್ಲಕ್ಕೇ ಹೋದಳು. ಇನ್ನೇನು ಸಾಕ್ಷಿ ಬೇಕು?

ಅಮ್ಮ ಬರುವ ಮೈ ಮಡಿಯಾಗಿರಬೇಕಂತ ಜಂಬಮ್ಮ ಮಂಗಳವಾರ ಉಪವಾಸ ಗೊತ್ತುಮಾಡಿದಳು. ಅಲ್ಲಿಂದ ಮುಂದೆ ದ್ಯಾಮಕ್ಕ ಮಂಗಳವಾರ ಪೂಜೆ ಆಗುವ ತನಕ ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ, ಗುಳಿಗೆ ಒಂದನ್ನು ಬಿಟ್ಟು. ಅದು ಮಗಳ ಆಣೆಯಲ್ಲವೇ? ಮೊದಲೆಲ್ಲ "ಏ ಹೂವಿನಾಕಿ" ಎಂದು ಕೂಗುತ್ತಿದ್ದ ಮಂದಿ ಈಗ ಕಾಲಿಗೆ ಬೀಳುತ್ತಿದ್ದರು. ಸುಳ್ಳೇಕೆ, ದ್ಯಾಮಕ್ಕನಿಗೆ ಅದು ಹಿತವಾಗಿಯೇ ಇತ್ತು.

ಸುದ್ದಿ ಕೇಳಿ ಪುಷ್ಪಲತಾ ಒಂದು ಮಂಗಳವಾರ ರಜೆ ಹಾಕಿ ಬಂದಳು. ತಾಯಿಯನ್ನು ದವಾಖಾನೆಗೆ ಕರೆದೊಯ್ಯಬೇಕು ಅಂತಲೇ ಬಸ್ಸು ಹತ್ತಿದ್ದಳು. ಮನೆಯಂಗಳದಲ್ಲಿ ಹೆಂಗಸರು ತುಂಬಿದ್ದರು, ನಡುವೆ ದ್ಯಾಮಕ್ಕ ಬೆವರಿ ತೂಗಾಡುತ್ತಿದ್ದಳು. ಜಂಬಮ್ಮ ಕಿವಿಯಲ್ಲಿ ಹೇಳಿದಳು: "ಮದುವಿ ಆಗಿ ಆರು ವರ್ಷ ಆತು. ನಿನ್ನ ಹಡದಾಕಿ ಮ್ಯಾಲ ಬಂದ ಅಮ್ಮನ್ನ ನೀನು ಕೇಳದಿದ್ರ ಯಾರು ಕೇಳ್ಬೇಕು?"

ಮಕ್ಕಳಿಲ್ಲದ ಹೊಟ್ಟೆ ಅದು. ಮಂದಿಗೆಲ್ಲ ದವಾಖಾನೆಗೆ ಹೋಗಿರಿ ಅಂತ ಬುದ್ಧಿ ಹೇಳುವ ಟೀಚರು ಅಂಗಳದಲ್ಲಿ ಮಂಡಿಯೂರಿ ಕೈಮುಗಿದಳು. "ನನ್ನ ಉಡಿ ತುಂಬ್ತೈತೇನ್ ತಾಯಿ?"

ಯಾರೋ ಬೆಲ್ಲದ ತಟ್ಟೆ ಮುಂದೆ ತಂದರೆ ಜಂಬಮ್ಮ ಅದನ್ನು ಹಿಂದಕ್ಕೆ ಸರಿಸಿದಳು. "ತಡೀರಿ, ಉತ್ತರ ಬರ್ಲಿ. ಬೆಲ್ಲ ಕೊಟ್ರ ಅಮ್ಮ ಹೋಗಿಬಿಡ್ತಾಳ."

ದ್ಯಾಮಕ್ಕನ ತುಟಿ ಅದುರಿತು. "ಹಸಿವು..." ಎಂದಳು. ಮತ್ತೆ, ತೊದಲುತ್ತ, "ಹಸಿವಾಗೇತಿ".

"ಕೇಳಿದ್ರೇನು! ಅಮ್ಮಗ ಹಸಿವಾಗೇತಂತ. ಕುರಿ ಕೇಳಾಕ ಹತ್ಯಾಳ!" ಎಂದು ಜಂಬಮ್ಮ ಕೂಗಿದಳು.

"ಕೊಡ್ತೀನಿ ತಾಯಿ, ಕುರಿ ಕೊಡ್ತೀನಿ" ಎಂದು ಪುಷ್ಪಲತಾ ಬಿಕ್ಕಿದಳು. ಆಗ ದ್ಯಾಮಕ್ಕನ ಬಲಗೈ ಮುಂದಕ್ಕೆ ಚಾಚಿತು. ಆಶೀರ್ವಾದಕ್ಕೆಂದು ತಿಳಿದ ಮಗಳು ತಲೆಯನ್ನು ಆ ಕೈಯ ಕೆಳಗಿಟ್ಟಳು. ಕೈ ತಲೆಯನ್ನು ದಾಟಿ ಇನ್ನೂ ಮುಂದಕ್ಕೆ, ಬೆಲ್ಲದ ತಟ್ಟೆ ಇದ್ದ ಕಡೆಗೆ ಹೋಗಲು ನೋಡಿತು. ಅಷ್ಟರಲ್ಲಿ ದ್ಯಾಮಕ್ಕ ಪಕ್ಕಕ್ಕೆ ಉರುಳಿದಳು. ಕೈಕಾಲು ಸೆಟೆದವು. ಬಾಳೆಹಣ್ಣು ಹಿಸುಕಿ ಬಾಯಿಗಿಟ್ಟರು, ಗಂಟಲಲ್ಲಿ ಇಳಿಯಲಿಲ್ಲ.

ಜೀಪಿನಲ್ಲಿ ಹಾಕಿಕೊಂಡು ದಾವಣಗೆರೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ರಕ್ತದಲ್ಲಿ ಸಕ್ಕರೆ ಇಪ್ಪತ್ತಕ್ಕೆ ಇಳಿದಿತ್ತು. ಗ್ಲೂಕೋಸ್ ಹತ್ತಿಸಿದರು, ಆದರೆ ದ್ಯಾಮಕ್ಕ ಕಣ್ಣು ಬಿಡಲಿಲ್ಲ. ಹನ್ನೆರಡು ದಿನ ಹಾಗೇ ಮಲಗಿ, ಹದಿಮೂರನೆಯ ದಿನ ಹೋಗಿಬಿಟ್ಟಳು.

ಬೆಂಗಳೂರಿಗೆ ಕಳಿಸಿದ್ದ ರಕ್ತದ ವರದಿ ಅದಾದ ಮೇಲೆ ಬಂತು. ಡಾಕ್ಟರು ಪುಷ್ಪಲತಾಳನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. ತಾಯಿಯ ಮೈಯಲ್ಲಿ ತನ್ನದೇ ಇನ್ಸುಲಿನ್ ಮೇಲೆ ತಿರುಗಿಬೀಳುವ ಕಣಗಳು ಹುಟ್ಟಿಕೊಂಡಿದ್ದವು. ಅವು ಇನ್ಸುಲಿನ್ನನ್ನು ಹಿಡಿದಿಟ್ಟುಕೊಂಡು, ಹೊತ್ತಲ್ಲದ ಹೊತ್ತಿನಲ್ಲಿ ಬಿಟ್ಟುಕೊಡುತ್ತಿದ್ದವು. ಆಗ ಸಕ್ಕರೆ ಕುಸಿದು ಮೈ ನಡುಗುತ್ತಿತ್ತು. "ಏನಾದ್ರೂ ಗುಳಿಗೆ ತಗೊಳ್ತಿದ್ರೇನಮ್ಮ?" ಎಂದರು. ಪುಷ್ಪಲತಾ ಚೀಲದಿಂದ ಡಬ್ಬಿ ತೆಗೆದಿಟ್ಟಳು. ಡಾಕ್ಟರು ಡಬ್ಬಿಯ ಮೇಲಿನ ಹೆಸರು ಓದಿದರು. "ಇದನ್ನ ತಗೊಂಡ ಸಾವಿರಾರು ಜನಕ್ಕೆ ಏನೂ ಆಗಲ್ಲ. ಎಲ್ಲೋ ಒಬ್ಬರ ಮೈ ಹೀಗೆ ತಿರುಗಿಬೀಳುತ್ತೆ. ಗುಳಿಗೆ ನಿಲ್ಲಿಸಿ, ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ಊಟ ಕೊಟ್ಟಿದ್ರೆ..." ಎಂದರು.

ದ್ಯಾಮಕ್ಕನ ದಿನಕರ್ಮ ಮುಗಿದ ಮೇಲೆ ಜಂಬಮ್ಮ ಬಂದಳು. ಕೆಟ್ಟ ಹೆಂಗಸಲ್ಲ, ಅತ್ತು ಅತ್ತು ಅವಳ ಕಣ್ಣೂ ಬಾತಿದ್ದವು. "ಹರಕಿ ಹೊತ್ತೀಯವ್ವ, ಉಳಿಸಿಕೋಬಾರ್ದು. ಅಮ್ಮ ಬಾಯಿಬಿಟ್ಟು ಕೇಳ್ಯಾಳ" ಎಂದಳು. ಮೈಲಪ್ಪ ಹಟ್ಟಿಗೆ ಹೋಗಿ, ಇದ್ದುದರಲ್ಲಿ ಚೆಂದದ ಟಗರೊಂದನ್ನು ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದ.

ಪುಷ್ಪಲತಾ ಅಪ್ಪನ ಕೈಯಿಂದ ಹಗ್ಗ ಬಿಡಿಸಿಕೊಂಡಳು.

"ಬಿಡಪ್ಪ, ಅದು ಹಿಂಡಿನಾಗ ಹೋಗ್ಲಿ. ಹಸಿವು ಅಂತ ಕೇಳಿದಾಕಿ ಊರಮ್ಮ ಅಲ್ಲ, ನಮ್ಮವ್ವ. ಬೆಲ್ಲದ ತಟ್ಟಿ ಕಡಿಗೆ ಕೈ ಚಾಚಿದ್ಲು. ಅಡ್ಡ ನಾನೇ ತಲಿ ಕೊಟ್ಟೆ."